ಬೆಟ್ಟವಿಲ್ಲದ ಗಣಿ ಕಂಪನಿ

ಅಪ್ಪನ ಜೇಬಿನಲ್ಲಿ ಯಾವಾಗಲೂ ಒಂದು ಅಯಸ್ಕಾಂತ ಇರುತ್ತಿತ್ತು. ಕುದುರೆಮುಖದ ಮಲ್ಲೇಶ್ವರ ಟೌನ್‌ಶಿಪ್ಪಿನಲ್ಲಿ ನಾನು ಬೆಳೆದದ್ದು. ಅಪ್ಪ ಅಲ್ಲಿಯ ಕಬ್ಬಿಣದ ಗಣಿ ಕಂಪನಿಯ ಲ್ಯಾಬಿನಲ್ಲಿ ಅದಿರು ಪರೀಕ್ಷೆ ಮಾಡುತ್ತಿದ್ದರು. ಶಿಫ್ಟ್ ಮುಗಿಸಿ ಬಂದರೆ ಅಂಗಿಯ ತೋಳಿನ ಮಡಿಕೆಯಲ್ಲಿ ಕಪ್ಪು ಹುಡಿ. ಕಾಗದದ ಮೇಲೆ ಅದನ್ನು ಕೊಡವಿ, ಅಯಸ್ಕಾಂತ ಹಿಡಿದರೆ ಹುಡಿಯೆಲ್ಲ ಮುಳ್ಳುಹಂದಿಯ ಹಾಗೆ ಎದ್ದು ನಿಲ್ಲುತ್ತಿತ್ತು. ‘ನಮ್ಮ ಫ್ಯಾಕ್ಟರಿ ಮಾಡುವುದೂ ಇದನ್ನೇ, ಸ್ವಲ್ಪ ದೊಡ್ಡದಾಗಿ’ ಎನ್ನುತ್ತಿದ್ದರು.

ಅದು ಮ್ಯಾಗ್ನೆಟೈಟ್. 1913ರಲ್ಲಿ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಗುರುತಿಸಿದ್ದ ಈ ಅದಿರಿನಲ್ಲಿ ಕಬ್ಬಿಣದ ಪಾಲು ಶೇ 38ರ ಆಸುಪಾಸು. ಬಳ್ಳಾರಿಯ ಕೆಂಪು ಅದಿರಿನಲ್ಲಿ ಶೇ 60ಕ್ಕೂ ಹೆಚ್ಚು ಸಿಗುವಾಗ ಇದನ್ನು ಯಾರು ಕೇಳಬೇಕು? ಹಾಗಾಗಿ ಬಂಡೆಯನ್ನು ಹಿಟ್ಟಿನಂತೆ ಅರೆದು, ಅಯಸ್ಕಾಂತದಿಂದ ಕಬ್ಬಿಣವನ್ನು ಸೆಳೆದು, ಶೇ 67ರ ಸಾಂದ್ರ ಅದಿರು ಮಾಡುವ ವಿದ್ಯೆಯನ್ನು ಇಲ್ಲಿಯ ಜನ ಕಲಿತರು. ಅದು ನೀರಿನಲ್ಲಿ ಕಲೆತು ಸ್ಲರಿಯಾಗಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿದು ಮಂಗಳೂರು ಬಳಿಯ ಪಣಂಬೂರಿನ ಕಡಲ ದಡ ಸೇರುತ್ತಿತ್ತು. ಉಳಿದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ನಿಲ್ಲುತ್ತಿತ್ತು. ಆ ಕೆಸರಿನ ಮೈದಾನ ಇಂದಿಗೂ ಅಲ್ಲೇ ಇದೆ.

ಈ ಕಂಪನಿ ಹುಟ್ಟಿದ್ದೇ ಇನ್ನೊಂದು ದೇಶದ ಅಗತ್ಯಕ್ಕಾಗಿ. 1976ರ ಏಪ್ರಿಲ್‌ನಲ್ಲಿ ಶುರುವಾದಾಗ ಹಣ ಇರಾನಿನ ಶಾ ಸರ್ಕಾರದ್ದು: 63 ಕೋಟಿ ಡಾಲರ್ ಸಾಲದ ಒಪ್ಪಂದ, ಬದಲಿಗೆ ವರ್ಷಕ್ಕೆ 75 ಲಕ್ಷ ಟನ್ ಅದಿರು. ಮಳೆ, ಜಿಗಣೆ, ಮಂಜುಗಳ ನಡುವೆ ಕಾಡಿನಲ್ಲಿ ಊರೇ ಎದ್ದಿತು. ಇಲ್ಲಿ ಯಂತ್ರ ಸಜ್ಜಾಗುವ ಹೊತ್ತಿಗೆ, 1979ರಲ್ಲಿ, ಅಲ್ಲಿ ಕ್ರಾಂತಿ. ಶಾ ದೇಶ ಬಿಟ್ಟರು. ಸಾಲವೂ ನಿಂತಿತು, ಕೊಳ್ಳುವವರೂ ಇಲ್ಲವಾದರು. ತೆಹರಾನಿನ ಬೀದಿಯಲ್ಲಿ ಕೂಗಿದ ಘೋಷಣೆ ಮೂಡಿಗೆರೆ ತಾಲ್ಲೂಕಿನ ಒಂದು ಬೆಟ್ಟಕ್ಕೆ ತಟ್ಟಿತ್ತು. ಕಂಪನಿ ಬೇರೆ ಗಿರಾಕಿಗಳನ್ನು ಹುಡುಕಿಕೊಂಡಿತು. 1987ರಲ್ಲಿ ಪಣಂಬೂರಿನಲ್ಲಿ ಪೆಲೆಟ್ ಕಾರ್ಖಾನೆ ಕಟ್ಟಿತು. ಹುಡಿ ಅದಿರಿಗೆ ಬೆಂಟೊನೈಟ್ ಜೇಡಿ ಸೇರಿಸಿ, ತಿರುಗುವ ತಟ್ಟೆಯಲ್ಲಿ ಕಡಲೆ ಗಾತ್ರದ ಉಂಡೆ ಕಟ್ಟಿ, 1250 ಡಿಗ್ರಿ ದಾಟಿದ ಬೆಂಕಿಯಲ್ಲಿ ಸುಡುವ ಕೆಲಸ ಅದು. ಜಪಾನ್ ಕೊಂಡಿತು, ಚೀನಾ ಕೊಂಡಿತು.

ಮುಂದಿನದು ಎಲ್ಲರಿಗೂ ಗೊತ್ತು. 1999ರಲ್ಲಿ ಗಣಿ ಗುತ್ತಿಗೆ ಮುಗಿಯಿತು. ಭದ್ರೆಯ ದಡದ ಜನ, ಪರಿಸರವಾದಿಗಳು ಹೋರಾಡಿದರು. 2002ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸುವ ತೀರ್ಪು ಕೊಟ್ಟಿತು. 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಆ ತೀರ್ಪು ಸರಿ ಎಂದೇ ನಾನು ನಂಬಿದ್ದೇನೆ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಸೀಮೆ ಅದು. ಆದರೆ ಅದೇ 2005ರಲ್ಲಿ ಚೀನಾದ ಹಸಿವಿನಿಂದಾಗಿ ಜಗತ್ತಿನ ಅದಿರಿನ ಒಪ್ಪಂದದ ಬೆಲೆ ಒಂದೇ ಸಲ ಶೇ 71.5ರಷ್ಟು ಏರಿತ್ತು. ಕಾಲು ಶತಮಾನ ಗಿರಾಕಿಗಳ ಬಾಗಿಲು ತಟ್ಟಿದ್ದ ಗಣಿ, ಗಿರಾಕಿಗಳೇ ಬಾಗಿಲಿಗೆ ಬಂದ ವರ್ಷ ಮುಚ್ಚಿತು.

ಅಲ್ಲಿಂದ ಈಚೆಗೆ ಕೆಐಒಸಿಎಲ್ ಎಂಬ ಈ ಗಣಿ ಕಂಪನಿಗೆ ಗಣಿಯಿಲ್ಲ. ವರ್ಷಕ್ಕೆ 35 ಲಕ್ಷ ಟನ್ ಉಂಡೆ ಮಾಡಬಲ್ಲ ಕಾರ್ಖಾನೆ ಇದೆ, ಪಕ್ಕದಲ್ಲೇ ಬಂದರಿದೆ. ಅದಿರು ಮಾತ್ರ ಬೇರೆಯವರಿಂದ, ಹೆಚ್ಚಾಗಿ ಸರ್ಕಾರಿ ಗಣಿ ಕಂಪನಿ ಎನ್‌ಎಂಡಿಸಿಯಿಂದ ಕೊಳ್ಳಬೇಕು. ಛತ್ತೀಸ್‌ಗಢದ ಬೈಲಾಡಿಲಾದಲ್ಲಿ ಅಗೆದ ಅದಿರು ರೈಲಿನಲ್ಲಿ ವಿಶಾಖಪಟ್ಟಣಕ್ಕೆ ಇಳಿದು, ಹಡಗು ಹತ್ತಿ, ಶ್ರೀಲಂಕಾ ಸುತ್ತಿ ಪಣಂಬೂರಿಗೆ ಬರುವುದುಂಟು. ಇಲ್ಲಿ ಉಂಡೆಯಾಗಿ ಮತ್ತೆ ಹಡಗು ಹತ್ತಬೇಕು. ಕೊಂಡ ಬೆಲೆಗೂ ಮಾರಿದ ಬೆಲೆಗೂ ನಡುವಿನ ಸಣ್ಣ ಸಂದಿಯಲ್ಲಿ ಬಾಡಿಗೆ, ಇಂಧನ, ಸಂಬಳ, ಲಾಭ ಎಲ್ಲವೂ ಹಿಡಿಸಬೇಕು.

ಅಪ್ಪ ಹೇಳುವ ಇನ್ನೊಂದು ಸಂಗತಿ ಲೆಕ್ಕಪತ್ರ ಓದುವವರಿಗೆ ಸುಲಭಕ್ಕೆ ಹೊಳೆಯದು. ಮ್ಯಾಗ್ನೆಟೈಟ್ ಉಂಡೆ ಬೆಂಕಿಗೆ ಬಿದ್ದಾಗ ಆಮ್ಲಜನಕ ಹೀರಿ ತಾನೇ ಬಿಸಿ ಬಿಡುತ್ತದೆ. ಅಷ್ಟರ ಮಟ್ಟಿಗೆ ಎಣ್ಣೆ ಉಳಿತಾಯ. ಈಗ ಕೊಳ್ಳುವ ಕೆಂಪು ಅದಿರು ಹೆಮಟೈಟಿಗೆ ಆ ಗುಣವಿಲ್ಲ, ಬೇಕಾದ ಕಾವನ್ನೆಲ್ಲ ನಾವೇ ಕೊಡಬೇಕು. ಬೆಟ್ಟದ ಜೊತೆ ಅದರೊಳಗಿನ ಬಿಸಿಯೂ ಹೋಯಿತು.

ಇಂಥ ಕಂಪನಿಗೆ ಜಗತ್ತಿನ ಎಲ್ಲ ಗಾಳಿಯೂ ತಾಗುತ್ತದೆ. 2015ರ ಕೊನೆಯಲ್ಲಿ ಟನ್ನಿಗೆ 40 ಡಾಲರಿಗಿಂತ ಕೆಳಗಿದ್ದ ಅದಿರಿನ ಬೆಲೆ 2021ರ ಮೇನಲ್ಲಿ 230 ದಾಟಿತು. 2021-22ರಲ್ಲಿ ಕಂಪನಿ 300 ಕೋಟಿ ರೂಪಾಯಿಗೂ ಹೆಚ್ಚು ಲಾಭ ಕಂಡಿತು. 2022ರ ಮೇನಲ್ಲಿ ಕೇಂದ್ರ ಸರ್ಕಾರ ಪೆಲೆಟ್ ರಫ್ತಿಗೆ ಶೇ 45 ಸುಂಕ ಹಾಕಿತು. ನವೆಂಬರ್‌ನಲ್ಲಿ ತೆಗೆಯಿತು ನಿಜ, ಆದರೆ ಆ ವರ್ಷ ಲೆಕ್ಕ ನಷ್ಟಕ್ಕೆ ತಿರುಗಿತ್ತು. ಜಗತ್ತಿನ ಉಕ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಾಡುವ ಚೀನಾದಲ್ಲಿ ಮನೆ ಕಟ್ಟುವ ಭರ ಇಳಿದಿದೆ. ಗಿನಿಯ ಸಿಮಾಂಡು ಬೆಟ್ಟದಿಂದ ಶೇ 65ರ ಅದಿರು ಮಾರುಕಟ್ಟೆಗೆ ಇಳಿಯತೊಡಗಿದೆ.

ಹಾಗಾದರೆ ದಾರಿ? ಕಂಪನಿ ನೋಡುತ್ತಿರುವುದು ಸಂಡೂರಿನ ದೇವದಾರಿಯ ಕಡೆಗೆ. 2017ರಲ್ಲಿ ಆ ಬೆಟ್ಟ ಅದಕ್ಕೆ ಮೀಸಲಾಯಿತು. 388 ಹೆಕ್ಟೇರ್ ಕಾಡು, 99 ಸಾವಿರಕ್ಕೂ ಹೆಚ್ಚು ಮರ. 2024ರ ಜೂನ್‌ನಲ್ಲಿ ಕೇಂದ್ರ ಸಚಿವ ಎಚ್.ಡಿ. ಕುಮಾರಸ್ವಾಮಿ ಅಲ್ಲಿಯ ಗಣಿಯ ಕಡತಕ್ಕೆ ಸಹಿ ಹಾಕಿದರು. ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ ಭೂಮಿ ಹಸ್ತಾಂತರಿಸದಂತೆ ಸೂಚಿಸಿದರು. ಗಣಿ ನೆರಳಿನಲ್ಲಿ ಅನ್ನ ಉಂಡ ಮನೆಯಿಂದ ಬಂದ ನನಗೆ ಈ ಮಾತು ಹೇಳುವುದು ಸುಲಭವಲ್ಲ, ಆದರೂ ಹೇಳುತ್ತೇನೆ: ದೇವದಾರಿಯ ಮರ ನಿಲ್ಲಲಿ.

ಈ ಕಂಪನಿಯ ನಿಜವಾದ ಆಸ್ತಿ ಶೇ 38ರ ಕಲ್ಲನ್ನು ಶೇ 67 ಮಾಡಿದ ವಿದ್ಯೆ. ಜಗತ್ತು ಈಗ ಕೇಳುತ್ತಿರುವುದೂ ಅದನ್ನೇ. ಕಲ್ಲಿದ್ದಲು ಬಿಟ್ಟು ಹೈಡ್ರೋಜನ್ನಿನಿಂದ ಕಬ್ಬಿಣ ತೆಗೆಯುವ ಕುಲುಮೆಗೆ ಸಿಲಿಕಾದಂಥ ಕಶ್ಮಲ ತೀರ ಕಡಿಮೆ ಇರುವ, ಶೇ 67ರ ಉಂಡೆಯೇ ಬೇಕು. 2026ರಿಂದ ಯುರೋಪಿನ ಆಮದಿಗೆ ಅನ್ವಯಿಸುವ ಗಡಿ ಇಂಗಾಲ ತೆರಿಗೆಯ ಪಟ್ಟಿಯಲ್ಲಿ ಉಂಡೆ ಕಟ್ಟಿದ ಅದಿರೂ ಇದೆ. ಕಡಿಮೆ ಹೊಗೆಯಲ್ಲಿ ಸುಟ್ಟ ಉಂಡೆಗೆ ಬೆಲೆ ಬರುವ ಕಾಲ. ಬಳ್ಳಾರಿ ಸೀಮೆಯಲ್ಲಿ ಈಗಾಗಲೇ ಅಗೆದು, ಬೇಡವೆಂದು ಸುರಿದ ಕಳಪೆ ಅದಿರಿನ ರಾಶಿಗಳಿವೆ. ಅವನ್ನು ಅರೆದು, ತೊಳೆದು, ಕಬ್ಬಿಣ ಬೇರ್ಪಡಿಸಿ ಪಣಂಬೂರಿಗೆ ತರುವ ಕೆಲಸಕ್ಕೆ ಹೊಸ ಬೆಟ್ಟ ಬೇಡ. ಹೆಮಟೈಟಿಗೆ ಕುದುರೆಮುಖದ ಅಯಸ್ಕಾಂತ ಸಾಲದು, ಬೇರೆ ಯಂತ್ರ ಬೇಕು, ಖರ್ಚೂ ಹೆಚ್ಚು. ಆದರೆ ಆ ಕಷ್ಟದ ಕೆಲಸವನ್ನು ಕೈಯಾರೆ ಮಾಡಿದ ತಲೆಮಾರು ಇನ್ನೂ ಬದುಕಿದೆ. ಅವರು ಹೋದ ಮೇಲೆ ಕೇಳುವುದು ಯಾರನ್ನು?

ಕಳೆದ ಮಳೆಗಾಲ ಮುಗಿದ ಮೇಲೆ ಅಪ್ಪನನ್ನು ಪಣಂಬೂರು ಕಡಲ ದಡಕ್ಕೆ ಕರೆದುಕೊಂಡು ಹೋಗಿದ್ದೆ. ದೂರದಲ್ಲಿ ಒಂದು ಹಡಗು ಸರದಿಗೆ ಕಾಯುತ್ತಿತ್ತು. ಯುರೋಪಿನ ಹೊಸ ಕುಲುಮೆಗಳು ಶೇ 67ರ ಪೆಲೆಟ್ ಹುಡುಕುತ್ತಿವೆ ಎಂದೆ. ಅಪ್ಪ ಸ್ವಲ್ಪ ಹೊತ್ತು ಹಡಗನ್ನೇ ನೋಡುತ್ತಿದ್ದರು. ಆಮೇಲೆ ಲ್ಯಾಬಿನಲ್ಲಿ ಇದ್ದಾಗಿನ ಅದೇ ದನಿಯಲ್ಲಿ ಕೇಳಿದರು:

‘ಸಿಲಿಕಾ ಎಷ್ಟರ ಒಳಗೆ ಇರಬೇಕಂತೆ?’