ವರ್ಷದ ವಾಗ್ದಾನ: ಮೊದಲೇ ಹೇಳಿ ಕೊಡುವುದರಿಂದ ಏನಾಗುತ್ತದೆ?

ಮಾನ್ಯ ಸದಸ್ಯ ಬಂಧುಗಳೇ, ದಾನಿಗಳೇ,

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಸಂಘದ ವೈದ್ಯಕೀಯ ನೆರವು ನಿಧಿಯ ಲೆಕ್ಕ ನೋಡುವ ಕೆಲಸವನ್ನು ನೀವು ನನಗೆ ವಹಿಸಿದ್ದೀರಿ. ಪ್ರತಿ ವರ್ಷದ ಮನವಿಯಲ್ಲಿ "ಉದಾರವಾಗಿ ಸಹಾಯ ಮಾಡಿ" ಎಂದು ಬರೆದು ಮುಗಿಸುತ್ತಿದ್ದೆ. ಈ ಸಲ ಹಾಗಲ್ಲ. ಈ ಸಂಚಿಕೆಯ ಜೊತೆಗೆ ಒಂದು ವಾಗ್ದಾನ ಪತ್ರ ಇಟ್ಟಿದ್ದೇವೆ. ಅದು ಯಾಕೆ ಬೇಕು, ಅದರಿಂದ ಏನು ಬದಲಾಗುತ್ತದೆ ಎಂಬುದನ್ನು ಲೆಕ್ಕದ ಭಾಷೆಯಲ್ಲೇ ಹೇಳುತ್ತೇನೆ. ಅದಕ್ಕೂ ಮೊದಲು ನನ್ನದೇ ಒಂದು ತಪ್ಪು ಹೇಳಬೇಕು.

ಕಳೆದ ಮಳೆಗಾಲದಲ್ಲಿ ಬೀದರ್ ಕಡೆಯ ರೈತರೊಬ್ಬರು ಹೆಂಡತಿಯನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದರು. ಆಕೆಗೆ ಕ್ಯಾನ್ಸರ್. 21 ದಿನಕ್ಕೊಮ್ಮೆ ಔಷಧ ಏರಿಸಬೇಕು, ಒಟ್ಟು ಆರು ಸಲ ಎಂದು ಡಾಕ್ಟರು ಹೇಳಿದ್ದರು. ಚಿಕಿತ್ಸೆಗೆ ಹಣ ಕೇಳಿರಲಿಲ್ಲ. ಬೇಕಾಗಿದ್ದದ್ದು ಇಬ್ಬರ ಬಸ್ ಚಾರ್ಜು, ಮೂರು ದಿನ ತಂಗಲು ಒಂದು ಕೋಣೆ, ಊಟ, ಹೊರಗೆ ಬರೆದುಕೊಟ್ಟ ಕೆಲವು ಔಷಧ. ಮೊದಲ ಎರಡು ಸಲ ನಿಧಿಯಿಂದ ಕೊಟ್ಟೆವು. ಮೂರನೆಯ ಸಲಕ್ಕೆ ಖಾತೆಯಲ್ಲಿ ಉಳಿದದ್ದು ಬೇರೆ ರೋಗಿಯೊಬ್ಬರಿಗೆ ಆಗಲೇ ಮಂಜೂರಾಗಿದ್ದ ಹಣ. "ಮುಂದಿನ ತಿಂಗಳು ನೋಡೋಣ" ಎಂದು ಹೇಳಿದವನು ನಾನೇ.

ಆ ಮನುಷ್ಯ ಸಿಟ್ಟು ಮಾಡಲಿಲ್ಲ. "ಆಯ್ತ್ರಿ ಸಾಹೇಬ್ರ, ನಿಮ್ದೇನ್ ತಪ್ಪಿಲ್ರಿ. ಆದ್ರ ತಾರೀಖ್ ಡಾಕ್ಟರ್ ಕೊಟ್ಟಾರ್ರಿ. ಅದು ನಾ ಮುಂದ್ ಹಾಕ್ಲಾಕ್ ಬರಂಗಿಲ್ಲ" ಎಂದು ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಆಮೇಲೆ ಊರಲ್ಲಿ ಸಾಲ ಮಾಡಿ ಬಂದರು. ಆಕೆಯ ಆರೂ ಸಲ ಮುಗಿದವು. ಮೂರನೆಯದು ಮಾತ್ರ ಹದಿನಾರು ದಿನ ತಡವಾಯಿತು. ಆ ತಡದಿಂದ ಏನಾಯಿತು ಎಂದು ಡಾಕ್ಟರನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ.

ನವೆಂಬರಿನಲ್ಲಿ ರಾಜ್ಯೋತ್ಸವ ಬಂತು. ಎಂದಿನಂತೆ ನೀವೆಲ್ಲ ಕೈ ತುಂಬ ಕೊಟ್ಟಿರಿ. ವರ್ಷದ ಕೊನೆಗೆ ಆಯ-ವ್ಯಯ ಕೂಡಿಸಿದಾಗ ನಿಧಿಯಲ್ಲಿ ಹಣ ಉಳಿದೇ ಇತ್ತು. ಅಂದರೆ ಹಣ ಕಡಿಮೆಯಾಗಿರಲಿಲ್ಲ. ಆ ಹೊತ್ತಿಗೆ ಇರಲಿಲ್ಲ, ಅಷ್ಟೆ. ನಮ್ಮ ದಾನಿಗಳಲ್ಲಿ ಕೊರತೆ ಇಲ್ಲ, ನಾವು ಕೇಳುವ ರೀತಿಯಲ್ಲಿದೆ ಎಂದು ಅಂದು ನನಗೆ ಅನಿಸಿತು.

ರೋಗಕ್ಕೆ ಕಂತು ಇದೆ

ಅಪಘಾತವನ್ನು ಬಿಟ್ಟರೆ, ನಮ್ಮ ಬಳಿ ಬರುವ ಹೆಚ್ಚಿನ ಕಾಯಿಲೆಗಳು ಒಂದೇ ದಿನದ ಖರ್ಚಿನವಲ್ಲ. ಮೂತ್ರಪಿಂಡ ಕೆಟ್ಟವರಿಗೆ ಡಯಾಲಿಸಿಸ್ ಸಾಮಾನ್ಯವಾಗಿ ವಾರಕ್ಕೆ ಎರಡೋ ಮೂರೋ ಸಲ. ಮೂರು ಸಲ ಎಂದರೆ ವರ್ಷಕ್ಕೆ 156 ಸಲ ಆಸ್ಪತ್ರೆಗೆ ಹೋಗಿ ಬರಬೇಕು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಬಿಡದೆ ಮಾತ್ರೆ. ಸಕ್ಕರೆ ಕಾಯಿಲೆಗೆ, ರಕ್ತದೊತ್ತಡಕ್ಕೆ ಜೀವಮಾನವಿಡೀ ಔಷಧ. ಇವೆಲ್ಲ ಸಾಲದ ಕಂತಿನ ಹಾಗೆ ತಾರೀಖು ಹಿಡಿದು ಬರುತ್ತವೆ. ಆದರೆ ನಮ್ಮ ದಾನ ಹಬ್ಬ ನೋಡಿ ಬರುತ್ತದೆ.

"ಸರ್ಕಾರದ ಕಾರ್ಡು ಇದೆಯಲ್ಲ?" ಎಂದು ಕೆಲವರು ಕೇಳುತ್ತಾರೆ. ಇದೆ, ಅದರಿಂದ ದೊಡ್ಡ ಉಪಕಾರವೂ ಆಗಿದೆ. ತೆಲಂಗಾಣದ ಆರೋಗ್ಯಶ್ರೀ ಈ ರಾಜ್ಯದ ಅರ್ಹ ಕುಟುಂಬಗಳಿಗೆ ಇರುವುದು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆ ಸಿಗುತ್ತದೆ. ಆದರೆ ರೋಗಿಯ ಜೊತೆ ಬಂದವರ ಊಟ, ವಸತಿ, ಅವರು ಕಳೆದುಕೊಂಡ ದಿನಗೂಲಿ ಯಾವ ಕಾರ್ಡಿನಲ್ಲೂ ಬರುವುದಿಲ್ಲ. ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಹಲವು ಸಲ ಈ ಸಣ್ಣ ಖರ್ಚುಗಳಿಂದಲೇ. ನಮ್ಮ ನಿಧಿ ತುಂಬಬೇಕಾದ ಜಾಗ ಅದು.

ಮೂಸಿ ನದಿ ಕಲಿಸಿದ ಪಾಠ

ನಮ್ಮ ಬೇಗಂ ಬಜಾರಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಅಫ್ಜಲ್‌ಗಂಜಿನ ಉಸ್ಮಾನಿಯಾ ದವಾಖಾನೆ ಇದೆ. ಅದರ ಆವರಣದಲ್ಲಿ ಒಂದು ಹಳೆಯ ಹುಣಸೆಮರ. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಸಾವಿರಾರು ಜನ ಕೊಚ್ಚಿಹೋದಾಗ, ಸುಮಾರು 150 ಜನ ಆ ಮರ ಹತ್ತಿ ಜೀವ ಉಳಿಸಿಕೊಂಡರೆಂದು ಈ ಊರು ಇಂದಿಗೂ ನೆನೆಯುತ್ತದೆ.

ಮರುವರ್ಷ, 1909ರಲ್ಲಿ, ಹೈದರಾಬಾದ್ ಸಂಸ್ಥಾನ ಸಲಹೆಗೆ ಕರೆಸಿದ್ದು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರನ್ನು. ಪಟ್ಟಣದ ಒಳಗೆ ಗೋಡೆ ಎತ್ತರಿಸಿದರೆ ಸಾಲದು, ನೀರನ್ನು ಮೇಲೆಯೇ ತಡೆದು, ಹಿಡಿದಿಟ್ಟು, ಅಳತೆಯಲ್ಲಿ ಬಿಡಬೇಕು ಎಂಬುದು ಅವರ ಯೋಜನೆಯ ತಿರುಳು. ಅದರಂತೆ ಮೂಸಿಗೆ 1920ರಲ್ಲಿ ಉಸ್ಮಾನ್ ಸಾಗರ, ಅದರ ಉಪನದಿ ಈಸಿಗೆ 1927ರಲ್ಲಿ ಹಿಮಾಯತ್ ಸಾಗರ ಆದವು. ಪ್ರವಾಹ ತಡೆಯಲು ಕಟ್ಟಿದ ಕೆರೆಗಳೇ ಊರಿಗೆ ಕುಡಿಯುವ ನೀರನ್ನೂ ಕೊಟ್ಟವು.

ನಮ್ಮ ನಿಧಿಗೂ ಇದೇ ಮಾತು ಹೊಂದುತ್ತದೆ. ಹಬ್ಬದ ದಿನ ಬರುವ ದೇಣಿಗೆ ಮಳೆ. ಅದು ಬೇಕು, ಬರಲಿ. ವಾಗ್ದಾನ ಎಂಬುದು ಕೆರೆ. ಯಾವ ತಿಂಗಳಿಗೆ ಎಷ್ಟು ಬರುತ್ತದೆ ಎಂದು ಮೊದಲೇ ತಿಳಿದಿದ್ದರೆ, ರೋಗಿಯ ಆರು ತಾರೀಖಿಗೂ ಮೊದಲ ದಿನವೇ ಮಂಜೂರು ಮಾಡಬಹುದು. "ನೋಡೋಣ" ಎನ್ನುವ ಮಾತು ಬೇಕಾಗುವುದಿಲ್ಲ.

ಇದು ಹೊಸದೇನಲ್ಲ

ನಮ್ಮ ತಂದೆಯವರು ಬೇಗಂ ಬಜಾರಿನ ತಾಮ್ರ-ಹಿತ್ತಾಳೆ ಪಾತ್ರೆಗಳ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಶೆಟ್‌ಜಿಯ ಖಾತೆ ಪುಸ್ತಕದಲ್ಲಿ 'ಧರ್ಮಾದಾ' ಎಂದು ಒಂದು ಪುಟ ಇರುತ್ತಿತ್ತು. ಪ್ರತಿ ಮಾರಾಟದಲ್ಲೂ ಒಂದಿಷ್ಟು ಪೈಸೆ ಆ ಪುಟಕ್ಕೆ. ವ್ಯಾಪಾರ ಕುಸಿದ ತಿಂಗಳಲ್ಲೂ ಶೆಟ್‌ಜಿ ಆ ಹಣ ಮುಟ್ಟುತ್ತಿರಲಿಲ್ಲ. "ಅದು ನಮ್ಮದಲ್ಲ, ನಮ್ಮಲ್ಲಿ ಇದೆ ಅಷ್ಟೆ" ಎಂದು ತಂದೆಯವರು ಹೇಳುತ್ತಿದ್ದದ್ದು, ನಾನು ಬಿ.ಕಾಂ. ಓದುವಾಗ ಅರ್ಥವಾಯಿತು. ಬಿಜ್ಲಿ ಕಾಟನ್ ಮಿಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಅದನ್ನೇ: ಗಿರಾಕಿಗಳು ಕೊಟ್ಟ ಧರ್ಮಾದಾ ಹಣ ವ್ಯಾಪಾರಿಯ ಆದಾಯವಲ್ಲ, ಧರ್ಮಕಾರ್ಯಕ್ಕೆಂದು ಅವನ ಕೈಯಲ್ಲಿರುವ ನಿಕ್ಷೇಪ.

ನಮ್ಮ ಕಡೆ ವಾರಾನ್ನ ಇತ್ತಲ್ಲ, ಅದೂ ವಾಗ್ದಾನವೇ. "ಸೋಮವಾರ ನಮ್ಮ ಮನೆಯಲ್ಲಿ ಉಣ್ಣು" ಎಂದು ಒಬ್ಬ ತಾಯಿ ಹೇಳಿದರೆ ಓದುವ ಹುಡುಗನಿಗೆ ಇಡೀ ವರ್ಷದ ಸೋಮವಾರಗಳ ಚಿಂತೆ ತೀರಿತು. ಒಬ್ಬರೇ ಏಳು ದಿನ ಹಾಕಿದ್ದಲ್ಲ, ಏಳು ಮನೆ ಒಂದೊಂದು ದಿನ ಹೊತ್ತವು. ಬ್ಯಾಂಕಿನವನಾಗಿ ಇನ್ನೊಂದು ನೆನಪು: 1928ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ ಅವರ ಬ್ಯಾಂಕು ಪಿಗ್ಮಿ ಠೇವಣಿ ಆರಂಭಿಸಿದಾಗ ದಿನಕ್ಕೆ ಎರಡಾಣೆಯಂತೆ ಕಟ್ಟಿದವರಿಂದಲೇ ಅದು ಬೆಳೆಯಿತು.

ಪತ್ರದ ರೂಪವನ್ನು ಮಾತ್ರ ನಾನು ಒಬ್ಬ ಕ್ರೈಸ್ತ ಸಹೋದ್ಯೋಗಿಯಿಂದ ಕಲಿತೆ. ಅವರ ಚರ್ಚಿನಲ್ಲಿ ವರ್ಷಕ್ಕೊಂದು ಭಾನುವಾರ ಪ್ರತಿ ಕುಟುಂಬಕ್ಕೂ ಒಂದು ಕಾರ್ಡು ಕೊಡುತ್ತಾರೆ. ಬರುವ ವರ್ಷ ತಿಂಗಳಿಗೆ ಎಷ್ಟು ಹಣ, ಎಷ್ಟು ಸಮಯ, ಯಾವ ಕೆಲಸ ಎಂದು ಅವರವರೇ ಬರೆದು ಪೆಟ್ಟಿಗೆಗೆ ಹಾಕುತ್ತಾರೆ. ಆ ಕಾರ್ಡುಗಳನ್ನು ಕೂಡಿಸಿದ ಮೇಲೆಯೇ ವರ್ಷದ ಬಜೆಟ್ ಮಾಡುತ್ತಾರಂತೆ. ನಾವು ಮಾಡುತ್ತಿದ್ದದ್ದು ಇದಕ್ಕೆ ತಿರುಗುಮುರುಗು: ಮೊದಲು ಖರ್ಚು ಬರುತ್ತದೆ, ಆಮೇಲೆ ಫೋನು ಹಿಡಿದು ಓಡಾಟ.

ಲೆಕ್ಕ ಹೀಗಿದೆ

ಒಂದು ಉದಾಹರಣೆ ನೋಡಿ. 100 ಸದಸ್ಯರು ತಿಂಗಳಿಗೆ 200 ರೂಪಾಯಿಯಂತೆ ಬರೆದುಕೊಟ್ಟರು ಎನ್ನೋಣ. ತಿಂಗಳಿಗೆ 20,000, ವರ್ಷಕ್ಕೆ 2,40,000 ರೂಪಾಯಿ. ಅವರಲ್ಲಿ 20 ಮಂದಿಗೆ ಕಾರಣಾಂತರದಿಂದ ಕೊಡಲಾಗಲಿಲ್ಲ ಎಂದರೂ ತಿಂಗಳಿಗೆ 16,000, ವರ್ಷಕ್ಕೆ 1,92,000. ಹಾಗಾಗಿ ನಾವು ಮಂಜೂರು ಮಾಡುವುದು ಬರೆದುಕೊಟ್ಟ ಮೊತ್ತದ ಐದನೇ ನಾಲ್ಕು ಭಾಗಕ್ಕೆ ಮಾತ್ರ. ಉಳಿದದ್ದು ಬಂದರೆ ತುರ್ತಿಗೆ. ಹಬ್ಬದ ದೇಣಿಗೆಯೂ ಇನ್ನು ಮುಂದೆ ಆ ತುರ್ತು ಖಾತೆಗೇ ಹೋಗುತ್ತದೆ.

ಕೆಲವು ಸಂದೇಹಗಳಿಗೆ ಇಲ್ಲೇ ಉತ್ತರ ಕೊಡುತ್ತೇನೆ.

ವಾಗ್ದಾನ ಪತ್ರ ಸಾಲಪತ್ರವಲ್ಲ. ಕೆಲಸ ಹೋಯಿತು, ಮನೆಯಲ್ಲೇ ಕಾಯಿಲೆ ಬಂತು ಎಂದರೆ ಒಂದು ಫೋನು ಮಾಡಿ. ಕಡಿಮೆ ಮಾಡುತ್ತೇವೆ, ಬೇಕಾದರೆ ನಿಲ್ಲಿಸುತ್ತೇವೆ. ಕಾರಣ ಕೇಳುವುದಿಲ್ಲ. ಯಾರು ಎಷ್ಟು ಬರೆದರು ಎಂದು ಸಂಚಿಕೆಯಲ್ಲಿ ಪ್ರಕಟಿಸುವುದೂ ಇಲ್ಲ.

ಬ್ಯಾಂಕಿಗೆ ಒಮ್ಮೆ ಸೂಚನೆ ಕೊಟ್ಟರೆ ಪ್ರತಿ ತಿಂಗಳೂ ಹಣ ತಾನಾಗಿ ಜಮೆಯಾಗುತ್ತದೆ. ಯುಪಿಐ ಆಟೋಪೇ ಮೂಲಕವೂ ಆಗುತ್ತದೆ. ವರ್ಷಕ್ಕೊಮ್ಮೆ ಚೆಕ್ ಕೊಡುವವರು ಯುಗಾದಿ ಸುಮಾರಿಗೆ ಕೊಟ್ಟರೆ ಒಳ್ಳೆಯದು. ಹಣಕಾಸು ವರ್ಷವೂ ಆಗಲೇ ತೊಡಗುತ್ತದೆ.

ತೆರಿಗೆ ವಿನಾಯಿತಿಯ ಆಸೆ ಹೆಚ್ಚು ತೋರಿಸಲಾರೆ. 80ಜಿ ಎಂದು ನಾವು ಬಲ್ಲ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ ಮಾತ್ರ, ಹೊಸ ಪದ್ಧತಿಗೆ ಹೋದವರಿಗೆ ಇಲ್ಲ. ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ಆ ಹಣಕ್ಕೂ ಇಲ್ಲ. ಆದ್ದರಿಂದ ದೊಡ್ಡ ಮೊತ್ತವನ್ನು ಬ್ಯಾಂಕಿನ ಮೂಲಕವೇ ಕೊಡಿ, ರಸೀದಿ ಕೇಳಿ ಪಡೆಯಿರಿ.

ಹಣ ಹೋಗುವ ದಾರಿಯೂ ತಿಳಿದಿರಲಿ. ಔಷಧದ ಹಣ ನೇರ ಔಷಧ ಅಂಗಡಿಗೆ, ಕೋಣೆಯ ಹಣ ನೇರ ವಸತಿಗೃಹಕ್ಕೆ. ಬಸ್ಸಿಗೆ, ಊಟಕ್ಕೆ ಮಾತ್ರ ಕೈಯಲ್ಲಿ ಕೊಡುತ್ತೇವೆ. ಪ್ರತಿ ಪಾವತಿಗೂ ಇಬ್ಬರ ಸಹಿ. ಲೆಕ್ಕಪುಸ್ತಕ ಸದಸ್ಯರು ಯಾವಾಗ ಬಂದರೂ ನೋಡಬಹುದು.

ಸಮಯವೂ ಹಣವೇ

ಪತ್ರದ ಎರಡನೆಯ ಭಾಗ ಸಮಯಕ್ಕೆ. ಇದನ್ನು ದಯವಿಟ್ಟು ಖಾಲಿ ಬಿಡಬೇಡಿ.

1956ರ ನವೆಂಬರ್ 1ರವರೆಗೆ ಬೀದರ್, ಕಲಬುರಗಿ, ರಾಯಚೂರು ಇದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಆಡಳಿತ ಬೆಂಗಳೂರಿಗೆ ಹೋಯಿತು. ಆದರೆ ದೊಡ್ಡ ಕಾಯಿಲೆ ಎಂದರೆ ಆ ಜನ ಇಂದಿಗೂ ಇತ್ತಲೇ ಬಸ್ಸು ಹತ್ತುತ್ತಾರೆ. ನಾರಾಯಣಪೇಟೆ, ಮಕ್ತಲ್, ಜಹೀರಾಬಾದ್ ಕಡೆಯ ಕನ್ನಡಿಗರೂ ಬರುತ್ತಾರೆ. ಇಮ್ಲಿಬನ್ ಬಸ್ ನಿಲ್ದಾಣದಲ್ಲಿ ಇಳಿದವರಿಗೆ ಮೊದಲ ತೊಡಕು ರೋಗಕ್ಕಿಂತ ಭಾಷೆಯದು. ಚೀಟಿ ಎಲ್ಲಿ ಮಾಡಿಸಬೇಕು, ಯಾವ ಸಾಲಿನಲ್ಲಿ ನಿಲ್ಲಬೇಕು, ಮಾತ್ರೆ ಊಟಕ್ಕೆ ಮೊದಲೋ ಆಮೇಲೋ, ಇದನ್ನು ಕನ್ನಡದಲ್ಲಿ ಹೇಳುವ ಒಬ್ಬರು ಪಕ್ಕದಲ್ಲಿದ್ದರೆ ಅರ್ಧ ಭಯ ಇಳಿಯುತ್ತದೆ.

ತಿಂಗಳಿಗೆ ಎರಡು ಗಂಟೆ ಸಾಕು. ವರ್ಷಕ್ಕೆ 24 ಗಂಟೆ, ಒಂದೇ ಒಂದು ದಿನದಷ್ಟು. ಅದರಲ್ಲಿ ನೀವು ಮಾಡಬಹುದಾದ್ದು:

ರೋಗಿಯ ಜೊತೆ ಆಸ್ಪತ್ರೆಗೆ ಹೋಗಿ ಡಾಕ್ಟರ ಮಾತನ್ನು ಕನ್ನಡದಲ್ಲಿ ತಿಳಿಸುವುದು. ಡಾಕ್ಟರು ಹೇಳಿದ್ದಷ್ಟನ್ನೇ ಹೇಳಬೇಕು, ನಮ್ಮ ಮನೆಮದ್ದು ಸೇರಿಸಬಾರದು. ಅಲ್ಲಿ ಕೇಳಿದ್ದು ಅಲ್ಲೇ ಉಳಿಯಬೇಕು.

ರಕ್ತದಾನ. 18ರಿಂದ 65 ವರ್ಷದ ಆರೋಗ್ಯವಂತರು, ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ರಕ್ತದ ಗುಂಪನ್ನು ಪತ್ರದಲ್ಲಿ ಬರೆದರೆ ಅವಸರದಲ್ಲಿ ಹುಡುಕುವುದು ತಪ್ಪುತ್ತದೆ.

ಮನೆಯಿಂದ ಒಂದು ಡಬ್ಬಿ ಊಟ. ಜೋಳದ ರೊಟ್ಟಿ, ಪಲ್ಯ ಇದ್ದರೆ ನಮ್ಮ ಕಡೆಯವರಿಗೆ ಅದೇ ಅರ್ಧ ಔಷಧ.

ಹೊರಗೆ ಓಡಾಡಲಾಗದ ಹಿರಿಯರು ಮನೆಯಲ್ಲೇ ಕುಳಿತು ಫೋನು ಮಾಡಬಹುದು: "ನಾಳೆ ನಿಮ್ಮ ತಾರೀಖು, ಹೊರಟಿರಾ?" ಈ ಒಂದು ಪ್ರಶ್ನೆ ಎಷ್ಟೋ ಸಲ ಚಿಕಿತ್ಸೆ ತಪ್ಪದಂತೆ ನೋಡಿಕೊಳ್ಳುತ್ತದೆ.

ಕೊನೆಯದಾಗಿ

ಆ ರೈತ ದಂಪತಿ ಸಂಕ್ರಾಂತಿ ಕಳೆದ ಮೇಲೆ ತಪಾಸಣೆಗೆಂದು ಮತ್ತೆ ಬಂದಿದ್ದರು. ಒಂದು ಗಂಟು ತೊಗರಿಬೇಳೆ ತಂದು ಸಂಘದ ಮೇಜಿನ ಮೇಲೆ ಇಟ್ಟರು. "ಯಾರಿಗಾದ್ರೂ ಅಡಗಿಗಿ ಆಗ್ತದ್ರಿ" ಎಂದರು. "ಮೂರನೇ ಸಲ ನಾನು ಕೈಬಿಟ್ಟೆ" ಎಂದು ನಾನು ಹೇಳಬೇಕೆಂದಿದ್ದೆ. ಹೇಳಲಿಲ್ಲ. ನಿಮಗೆ ಈ ಪತ್ರ ಬರೆಯುತ್ತಿದ್ದೇನೆ.

ವಾಗ್ದಾನ ಪತ್ರದ ಮೊದಲ ಪ್ರತಿಯನ್ನು ನಾನೇ ತುಂಬಿದ್ದೇನೆ: ಪಿಂಚಣಿಯಿಂದ ಪ್ರತಿ ತಿಂಗಳು ಒಂದಿಷ್ಟು, ಮತ್ತು ಪ್ರತಿ ಮಂಗಳವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಎರಡು ಗಂಟೆ. ನೂರು ರೂಪಾಯಿ ಆದರೂ ಸರಿ, ಒಂದು ಗಂಟೆ ಆದರೂ ಸರಿ, ನಿಮ್ಮಿಂದ ವರ್ಷವಿಡೀ ಆಗುವಷ್ಟನ್ನೇ ಬರೆಯಿರಿ. ಹೆಚ್ಚು ಬರೆದು ನಿಲ್ಲಿಸುವುದಕ್ಕಿಂತ ಕಡಿಮೆ ಬರೆದು ನಡೆಸುವುದು ನಿಧಿಗೆ ಉಪಕಾರ. ತುಂಬಿದ ಪತ್ರವನ್ನು ಯುಗಾದಿಯೊಳಗೆ ಸಂಘದ ಕಚೇರಿಗೆ ತಲುಪಿಸಿ, ಇಲ್ಲವೇ ಹೇಳಿ ಕಳಿಸಿ, ನಾವೇ ಬಂದು ತೆಗೆದುಕೊಳ್ಳುತ್ತೇವೆ.

ನಿಮ್ಮ ಪತ್ರಗಳ ಹಾದಿ ಕಾಯುತ್ತಿರುವ,
ನಿಮ್ಮವನೇ,
ವೈದ್ಯಕೀಯ ನೆರವು ನಿಧಿಯ ಪರವಾಗಿ
ಬೇಗಂ ಬಜಾರ್, ಹೈದರಾಬಾದ್