ಗುಂಯ್‌ಗುಡುವ ಕಂಪ್ಯೂಟರಿನ ಶ್ರುತಿ

ಹಗಲಿಡೀ ತೆಪ್ಪಗಿದ್ದ ಡೆಸ್ಕ್‌ಟಾಪ್ ಕಂಪ್ಯೂಟರು ಕೊನೆಯ ಲೋಕಲ್ ಹೋದ ಮೇಲೆ ಗುಂಯ್‌ಗುಡತೊಡಗಿತು ಎಂಬ ದೂರು ಮುಂಬೈಯ ಮನೆಗಳಿಗೆ ಹೊಸದಲ್ಲ. ಯಂತ್ರಕ್ಕೆ ಹಗಲು ರಾತ್ರಿಯ ಭೇದ ಗೊತ್ತಿಲ್ಲ, ಆ ಹೊತ್ತಿಗೆ ಬದಲಾಗುವುದು ಊರು. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ಕುರ್ಲಾ, ಅಂಧೇರಿಯ ರಸ್ತೆ ಬದಿಯ ಕಿಟಕಿಗಳಿಗೆ ಈ ಅಂಕಿಗಳನ್ನು ಓದಿ ಹೇಳಿದರೆ ಅವೇ ನಕ್ಕಾವು. ಕಂಪ್ಯೂಟರಿನ ಸಾಮಾನ್ಯ ಸದ್ದು 30ರಿಂದ 40 ಡೆಸಿಬೆಲ್. ಜೋರಾದ ಸದ್ದು ಮೆಲುಸದ್ದನ್ನು ಕಿವಿಯೊಳಗೇ ನುಂಗಿಹಾಕುವುದರಿಂದ, ಇವತ್ತು ರಾತ್ರಿ ಮೊದಲ ಸಲ ಕೇಳಿದ ಕೀಚಲು ಆರು ತಿಂಗಳಿಂದ ಅಲ್ಲೇ ಇದ್ದಿರಬಹುದು. ಅದನ್ನು ಕೇಳಿದ ಕೂಡಲೇ ಹೆಚ್ಚಿನವರು ಎರಡು ಕೆಲಸ ಮಾಡುತ್ತಾರೆ: ಕ್ಯಾಬಿನೆಟ್ಟಿಗೆ ಕಿವಿಯಿಟ್ಟು ಜಾಗ ಹುಡುಕುತ್ತಾರೆ, ಇಲ್ಲವೇ ಟಕ್ ಟಕ್ ಅಂದರೆ ಹಾರ್ಡ್ ಡಿಸ್ಕ್, ಗರಗರ ಅಂದರೆ ಫ್ಯಾನ್ ಎನ್ನುವ ಪಟ್ಟಿಗೆ ಮೊರೆಹೋಗುತ್ತಾರೆ. ಎರಡೂ ದಾರಿ ತಪ್ಪಿಸುವಂಥವು. ಏನು ಬದಲಾದಾಗ ಈ ಸದ್ದು ಬದಲಾಗುತ್ತದೆ ಎಂದು ಮೊದಲು ಕೇಳಿಕೊಳ್ಳಬೇಕು. ಅದಕ್ಕೆ ಉತ್ತರ ಸಿಕ್ಕರೆ ಜಾಗ ತಾನಾಗಿ ಗೊತ್ತಾಗುತ್ತದೆ.

ಜಾಗ ಹುಡುಕಲು ಕಿವಿ ಯಾಕೆ ಸಾಲದು? ಸದ್ದು ಎಡದಿಂದ ಬಂತೋ ಬಲದಿಂದಲೋ ಎಂಬುದನ್ನು ಮಿದುಳು ಎರಡು ಬಗೆಯಲ್ಲಿ ಲೆಕ್ಕ ಹಾಕುತ್ತದೆ ಎಂದು ಲಾರ್ಡ್ ರೇಲಿ 1907ರಲ್ಲಿ ವಿವರಿಸಿದ. ಸಣ್ಣ ದನಿಯಾದರೆ ತಲೆಯೇ ಅಡ್ಡಬಂದು ಒಂದು ಕಿವಿಗೆ ಸದ್ದು ಕಡಿಮೆ ಮುಟ್ಟುತ್ತದೆ; ದಪ್ಪ ದನಿಯಾದರೆ ಎರಡು ಕಿವಿಗಳಿಗೆ ಅದು ತಲುಪುವ ಹೊತ್ತಿನಲ್ಲಿ ವ್ಯತ್ಯಾಸವಾಗುತ್ತದೆ. ಈ ವ್ಯತ್ಯಾಸ ಹೆಚ್ಚೆಂದರೆ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಬಯಲಿನಲ್ಲಿ ಇಷ್ಟು ಸಾಕು, ಹತ್ತಡಿಯ ಖೋಲಿಯಲ್ಲಿ ಸಾಲದು. 100 ಹರ್ಟ್ಸ್‌ನ ಅಲೆಯೊಂದರ ಉದ್ದ ಸುಮಾರು ಮೂರೂವರೆ ಮೀಟರ್, ಅಂದರೆ ಹೆಚ್ಚುಕಡಿಮೆ ಖೋಲಿಯಷ್ಟೇ. ಗೋಡೆಗೆ ಬಡಿದು ತಿರುಗಿದ ಅಲೆ ಹೊಸ ಅಲೆಯೊಂದಿಗೆ ಸೇರಿ ಕೆಲವು ಕಡೆ ಸದ್ದನ್ನು ಹೆಚ್ಚಿಸುತ್ತದೆ, ಕೆಲವು ಕಡೆ ಅಳಿಸಿಹಾಕುತ್ತದೆ. ಎರಡು ಮೂರಡಿ ಸರಿದು ಕೂತರೆ ಗುಂಯ್‌ಕಾರ ಮಾಯವಾಗುತ್ತದೆ, ಮೂಲೆಯ ಕಬ್ಬಿಣದ ಕಪಾಟೇ ಮೊರೆಯುತ್ತಿದೆ ಅನಿಸುತ್ತದೆ. ಇದಕ್ಕೆ ಕ್ಯಾಬಿನೆಟ್ಟಿನ ತಗಡೂ ಸೇರಿಕೊಳ್ಳುತ್ತದೆ. ಬೆಂಗಳೂರಿನಲ್ಲಿದ್ದ ಸಿ.ವಿ. ರಾಮನ್ 1934ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಮೃದಂಗದ ಮುಚ್ಚಿಗೆಯ ಮೇಲೆ ಮರಳು ಉದುರಿಸಿ ಅದು ಯಾವ ಯಾವ ವಿನ್ಯಾಸದಲ್ಲಿ ಕಂಪಿಸುತ್ತದೆ ಎಂಬುದನ್ನು ತೋರಿಸಿದ್ದರು. ತಗಡಿಗೂ ಅಂಥ ತನ್ನದೇ ಕಂಪನಗಳಿವೆ. ಫ್ಯಾನಿನ ವೇಗ ಅವುಗಳಲ್ಲೊಂದಕ್ಕೆ ತಾಳೆಯಾದ ಕ್ಷಣ ಇಡೀ ಹಲಗೆ ಬರ್ರೆನ್ನುತ್ತದೆ. ಅಂಗೈ ಒತ್ತಿದರೆ ಸದ್ದು ನಿಲ್ಲುತ್ತದೆ. ಹಾಗೆಂದು ತಪ್ಪು ತಗಡಿನದ್ದಲ್ಲ.

ಜಾಗದ ವಿಷಯದಲ್ಲಿ ಹೀಗೆ ಎಡವುವ ಕಿವಿ ಶ್ರುತಿಯ ವಿಷಯದಲ್ಲಿ ಬಹಳ ಚುರುಕು. ಸಾವಿರ ಹರ್ಟ್ಸ್‌ನ ಆಸುಪಾಸಿನಲ್ಲಿ ಎರಡು-ಮೂರು ಹರ್ಟ್ಸ್ ಹೆಚ್ಚುಕಡಿಮೆಯಾದರೂ ಅದು ಗುರುತಿಸಬಲ್ಲದು. ಕಂಪ್ಯೂಟರಿನ ಸದ್ದುಗಳಿಗೆ ಹಿಡಿಯಬಹುದಾದ ಶ್ರುತಿ ಇದೆ, ಏಕೆಂದರೆ ಅವುಗಳ ಹಿಂದೆ ನಡಿಗೆ ಗೊತ್ತಿರುವ ಯಾವುದೋ ಒಂದು ಓಡುತ್ತಿರುತ್ತದೆ. ನಿಮಿಷಕ್ಕೆ 1200 ಸುತ್ತು ತಿರುಗುವ ಏಳು ರೆಕ್ಕೆಯ ಫ್ಯಾನು ಸೆಕೆಂಡಿಗೆ 20 ಸುತ್ತು ಹಾಕುತ್ತದೆ, ಏಳು ರೆಕ್ಕೆಗಳು ಗಾಳಿಯನ್ನು ಕಡಿಯುವುದರಿಂದ ಸದ್ದು 140 ಹರ್ಟ್ಸ್‌ನಲ್ಲಿ ಬರುತ್ತದೆ. 7200 ಸುತ್ತಿನ ಹಾರ್ಡ್ ಡಿಸ್ಕ್ 120 ಹರ್ಟ್ಸ್‌ನಲ್ಲಿ, 5400ರದು 90ರಲ್ಲಿ. ನಮ್ಮ ಮನೆಯ ವಿದ್ಯುತ್ತು 50 ಹರ್ಟ್ಸ್. ಕಬ್ಬಿಣವು ಕಾಂತಕ್ಷೇತ್ರದಲ್ಲಿ ಅತಿ ಸೂಕ್ಷ್ಮವಾಗಿ ಹಿಗ್ಗುತ್ತದೆ ಎಂದು ಜೇಮ್ಸ್ ಜೌಲ್ 1842ರಲ್ಲಿ ಕಂಡುಕೊಂಡಿದ್ದ. ವಿದ್ಯುತ್ತಿನ ಒಂದು ಆವರ್ತದಲ್ಲಿ ಕಾಂತತ್ವ ಎರಡು ಸಲ ಗರಿಷ್ಠಕ್ಕೇರುವುದರಿಂದ ಯುಪಿಎಸ್ಸಿನ ಟ್ರಾನ್ಸ್‌ಫಾರ್ಮರ್ ಮೊರೆಯುವುದು 100 ಹರ್ಟ್ಸ್‌ನಲ್ಲಿ. ಅಮೆರಿಕದ ಪಟ್ಟಿಗಳನ್ನು ಇಲ್ಲಿ ನಂಬಬಾರದು ಎನ್ನುವುದು ಇದಕ್ಕೇ. ಅಲ್ಲಿನ ವಿದ್ಯುತ್ತು 60 ಹರ್ಟ್ಸ್, ಅದರ ಮೊರೆತ 120. ಅದು ಡಿಸ್ಕಿನ ಶ್ರುತಿಯೂ ಹೌದು, ಅವರಿಗೆ ಎರಡನ್ನೂ ಬೇರ್ಪಡಿಸುವುದು ಕಷ್ಟ. ನಮಗೆ ಆ ತೊಂದರೆಯಿಲ್ಲ. ಸಂಗೀತ ಬಲ್ಲವರು ಯುಪಿಎಸ್ಸಿನ 100ನ್ನು ಷಡ್ಜವೆಂದು ಹಿಡಿದರೆ ಡಿಸ್ಕಿನ 120 ಸಾಧಾರಣ ಗಾಂಧಾರ, ಹಿಂದೂಸ್ತಾನಿಯವರ ಕೋಮಲ ಗಾಂಧಾರ. ಷಡ್ಜವಂತೂ ಕದಲುವುದಿಲ್ಲ: 2013ರ ಡಿಸೆಂಬರ್ 31ರಂದು ದಕ್ಷಿಣದ ಜಾಲವೂ ಸೇರಿಕೊಂಡ ಮೇಲೆ ದೇಶದ ವಿದ್ಯುಜ್ಜಾಲವೆಲ್ಲ ಒಂದೇ ಲಯದಲ್ಲಿ ಓಡುತ್ತಿದೆ, ಮುಲುಂಡಿಗೂ ಮಂಗಳೂರಿಗೂ ಒಂದೇ ಶ್ರುತಿ. ಕಿವಿಯ ಮೇಲೆ ಭರವಸೆಯಿಲ್ಲದವರಿಗೆ ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ರೂಪಿಸಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಇದೆ, ಮೊಬೈಲಿನ ಮೈಕಿನಿಂದಲೇ ಹರ್ಟ್ಸ್ ಓದಿ ತೋರಿಸುತ್ತದೆ.

ಆ್ಯಪ್ ಇಲ್ಲದೆಯೂ ಮಾಡಬಹುದಾದ ಪರೀಕ್ಷೆಯೊಂದಿದೆ, ಎಲ್ಲಕ್ಕಿಂತ ಹೆಚ್ಚು ತಿಳಿಸುವುದೂ ಅದೇ: ಕಂಪ್ಯೂಟರನ್ನು ಶಟ್‌ಡೌನ್ ಮಾಡಿ, ಆರಿದ ನಂತರದ ಹತ್ತು ಸೆಕೆಂಡು ಸುಮ್ಮನೆ ಕೇಳುವುದು. ತಿರುಗುವ ವಸ್ತುವಿಗೆ ಜಡತ್ವವಿದೆ, ವಿದ್ಯುತ್ತು ಹೋದರೂ ಅದು ತಟ್ಟನೆ ನಿಲ್ಲಲಾರದು. ಫ್ಯಾನಿನ ಸದ್ದಾಗಿದ್ದರೆ ಶ್ರುತಿ ಜಾರುತ್ತ ಜಾರುತ್ತ ಇಳಿಯುತ್ತದೆ. ಬೇರಿಂಗ್ ಸವೆದಿದ್ದರೆ ನಿಲ್ಲುವ ಮುಂಚಿನ ಕೊನೆಯ ಸುತ್ತುಗಳಲ್ಲಿ ಕರ್ರ್ ಎಂಬ ಒರಟು ಸದ್ದು ಬಿಡಿಬಿಡಿಯಾಗಿ ಕೇಳುತ್ತದೆ. ಹಾರ್ಡ್ ಡಿಸ್ಕ್ ಒಮ್ಮೆ ಟಕ್ಕೆಂದು ತನ್ನ ಓದುಮುಳ್ಳನ್ನು ಬದಿಗೆ ಸರಿಸಿ ಆಮೇಲೆ ನಿಧಾನಕ್ಕೆ ಸದ್ದಡಗುತ್ತದೆ, ಆ ಒಂದು ಟಕ್ ಆರೋಗ್ಯದ ಲಕ್ಷಣ. ಆರಿದ ಕ್ಷಣವೇ ಕತ್ತರಿಸಿದಂತೆ ನಿಂತರೆ ಅದು ತಿರುಗುವ ಭಾಗದ್ದಲ್ಲ, ವಿದ್ಯುತ್ ಭಾಗದ್ದು. ಪರದೆ ಕಪ್ಪಾಗಿ ಫ್ಯಾನುಗಳೆಲ್ಲ ನಿಂತ ಮೇಲೂ ಉಳಿದರೆ ಕಂಪ್ಯೂಟರಿನದೇ ಅಲ್ಲ: ಯುಪಿಎಸ್ಸಿನದೋ ಸ್ಪೀಕರಿನದೋ ಇರಬೇಕು. ಎರಡು ಫ್ಯಾನುಗಳು ಹತ್ತಿರ ಹತ್ತಿರದ ವೇಗದಲ್ಲಿದ್ದರೆ ಸದ್ದು ಅಲೆಯಂತೆ ಏರಿ ಇಳಿಯುತ್ತದೆ. ಅದನ್ನು ಕೇಳಿ ಗಾಬರಿಯಾಗುವವರು ಬಹಳ, ದೋಷ ಮಾತ್ರ ಏನೂ ಇಲ್ಲ.

ಕತ್ತರಿಸಿದಂತೆ ನಿಲ್ಲುವ ಆ ಕೀಚಲು ತುಸು ವಿವರ ಬೇಡುತ್ತದೆ. ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡುಗಳ ಮೇಲೆ ಪುಟ್ಟ ತಂತಿಸುರುಳಿಗಳೂ ಪಿಂಗಾಣಿ ಕೆಪಾಸಿಟರುಗಳೂ ಸಾಲಾಗಿ ಕೂತಿವೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆ ಎಂದು ಕ್ಯೂರಿ ಸಹೋದರರು 1880ರಲ್ಲಿ ತೋರಿಸಿದರು. ಇದರ ತಿರುಗುಮುರುಗೂ ನಿಜ: ವಿದ್ಯುದೊತ್ತಡ ಏರಿಳಿದರೆ ಇಂಥ ವಸ್ತು ಅಲುಗುತ್ತದೆ. ಪ್ರೊಸೆಸರ್ ಕ್ಷಣಕ್ಕೊಮ್ಮೆ ಹೆಚ್ಚು, ಮರುಕ್ಷಣ ಕಡಿಮೆ ವಿದ್ಯುತ್ತು ಎಳೆದಾಗ ಈ ಬಿಡಿಭಾಗಗಳು ಅದಕ್ಕೆ ತಕ್ಕಂತೆ ಕುಣಿಯುತ್ತವೆ. ಮೌಸಿನ ಗಾಲಿ ತಿರುಗಿಸಿ ಪುಟ ಸರಿಸುತ್ತಿರುವಷ್ಟು ಹೊತ್ತು ಮಾತ್ರ ಕಿರ್ರೆನ್ನುವ ಸದ್ದು ಇದೇ. ಮಾಡುವ ಕೆಲಸಕ್ಕೂ ಈ ಸದ್ದಿಗೂ ನಂಟಿದೆಯೆನ್ನುವುದು ಊಹೆಯಲ್ಲ. ಗೆಂಕಿನ್, ಶಮೀರ್, ಟ್ರೋಮರ್ ಎಂಬ ಇಸ್ರೇಲಿನ ವಿಜ್ಞಾನಿಗಳು 2013ರಲ್ಲಿ ಲ್ಯಾಪ್‌ಟಾಪ್‌ಗಳ ಈ ಕೀಚಲನ್ನೇ ಮೈಕಿನಲ್ಲಿ ಹಿಡಿದು, ಅವು ಬಿಡಿಸುತ್ತಿದ್ದ ಗೂಢಲಿಪಿಯ 4096 ಬಿಟ್ಟಿನ ರಹಸ್ಯ ಕೀಲಿಯನ್ನು ಹೊರತೆಗೆದರು. ಗೂಢಚಾರರಿಗೆ ಒದಗುವಷ್ಟು ಮಾಹಿತಿ ಇರುವ ಸದ್ದು ಮನೆಯವರಿಗೂ ಒಂದಿಷ್ಟು ಒದಗಬೇಡವೇ? ಆಟವೊಂದರ ಮೆನು ಪರದೆಯಲ್ಲಿ ಕೀಚಲು ಎದ್ದು, ಸೆಕೆಂಡಿಗೆ 60 ಚಿತ್ರ ಸಾಕೆಂದು ಮಿತಿ ಹಾಕಿದೊಡನೆ ಅಡಗಿದರೆ ಗ್ರಾಫಿಕ್ಸ್ ಕಾರ್ಡಿನ ಸುರುಳಿ ಎಂದು ತಿಳಿಯಬಹುದು. ಅದರಿಂದ ಕಿರಿಕಿರಿ ಉಂಟು, ಅಪಾಯವಿಲ್ಲ. ಇದೇ ಸದ್ದು ಕಂಪ್ಯೂಟರಿಗೆ ವಿದ್ಯುತ್ತು ಒದಗಿಸುವ ಎಸ್‌ಎಂಪಿಎಸ್‌ನಿಂದ ಬಂದರೂ ಆ ಡಬ್ಬಿಯ ತಿರುಪನ್ನು ಮಾತ್ರ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮಿಕ್ಕಿದ ಒತ್ತಡ ಸ್ವಲ್ಪ ಹೊತ್ತು ಉಳಿದಿರಬಹುದು.

ಮುಂಬೈಯ ಗಾಳಿ ಈ ಲೆಕ್ಕಕ್ಕೆ ತನ್ನ ಪಾಲನ್ನೂ ಸೇರಿಸುತ್ತದೆ. ಮಾಟುಂಗದ ಉಡುಪಿ ಹೋಟೆಲುಗಳ ಗಲ್ಲೆಯ ಕೆಳಗೆ ಕೂತ ಬಿಲ್ಲಿಂಗ್ ಕಂಪ್ಯೂಟರನ್ನು ನೆನೆದುಕೊಳ್ಳಿ. ಎಣ್ಣೆಯ ಹಬೆಯೂ ರಸ್ತೆಯ ಧೂಳೂ ಕೂಡಿ ರೆಕ್ಕೆಗಳ ಅಂಚಿಗೆ ಕಂದುಬಣ್ಣದ ಅಂಟು ಕಟ್ಟುತ್ತದೆ, ಬ್ಲೋವರ್ ಹೊಡೆದರೂ ಅದು ಏಳುವುದಿಲ್ಲ. ಒಂದು ರೆಕ್ಕೆಯ ಮೇಲೆ ಹೆಚ್ಚು, ಇನ್ನೊಂದರ ಮೇಲೆ ಕಡಿಮೆ ಕೂತರೆ ತೂಕ ತಪ್ಪಿ ಅದುರಾಟ ಶುರು. ಹೀಟ್‌ಸಿಂಕಿನ ಸಂದುಗಳು ಮುಚ್ಚಿಕೊಂಡರೆ ಪ್ರೊಸೆಸರ್ ಕಾಯುತ್ತದೆ, ಕಾದಷ್ಟೂ ಫ್ಯಾನಿನ ವೇಗ ಏರುತ್ತದೆ, ವೇಗ ಎರಡು ಪಟ್ಟಾದರೆ ಸದ್ದು ಸುಮಾರು 15 ಡೆಸಿಬೆಲ್ ಹೆಚ್ಚುತ್ತದೆ. ಇಲ್ಲಿ ಫ್ಯಾನು ತಪ್ಪಿತಸ್ಥನಲ್ಲ, ದೂರು ಕೊಡುತ್ತಿರುವ ಸಾಕ್ಷಿ. ಅದನ್ನೇ ಬದಲಿಸಿದರೆ ಹೊಸದೂ ಅಷ್ಟೇ ಜೋರಾಗಿ ಕೂಗುತ್ತದೆ. ಮಳೆಗಾಲದ್ದು ಬೇರೆ ಕತೆ. ಜುಲೈ-ಆಗಸ್ಟಿನಲ್ಲಿ ಗಾಳಿಯ ಆರ್ದ್ರತೆ ಶೇ. 80ರ ಮೇಲೆಯೇ ಇರುತ್ತದೆ, ಜೊತೆಗೆ ಕಡಲಿನ ಉಪ್ಪು. ಸ್ವಿಚ್ ಹಾಕಿದಾಗ ಪರದೆ ಬರದೆ ಪೀಂ ಪೀಂ ಎಂದಷ್ಟೇ ಕೂಗಿದರೆ ರ‍್ಯಾಮ್ ಪಟ್ಟಿಯ ಹಲ್ಲುಗಳು ಕೊಳೆಗಟ್ಟಿ ಸಂಪರ್ಕ ತಪ್ಪಿರುವ ಸಂಭವವೇ ಹೆಚ್ಚು. ರಿಪೇರಿಯವರು ಪಟ್ಟಿ ಕಿತ್ತು ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸುವುದು ಇದಕ್ಕೇ. ಯುಪಿಎಸ್ಸಿನ ಟಕ್ ಟಕ್ಕಂತೂ ಎಷ್ಟೋ ಒಳ್ಳೆಯ ಡಿಸ್ಕುಗಳಿಗೆ ಕೆಟ್ಟ ಹೆಸರು ತಂದಿದೆ. ವೋಲ್ಟೇಜು ಏರಿಳಿದಾಗ ಸರಿಪಡಿಸುವ ರಿಲೇಯ ಸದ್ದು ಅದು. ಕಟ್ಟಡದ ಲಿಫ್ಟೋ ನೀರಿನ ಪಂಪೋ ಚಾಲೂ ಆಗುವ ಹೊತ್ತಿಗೆ ಅದು ತಾಳೆಯಾಗುತ್ತದೆಯೇ ಎಂದು ನೋಡಿದರೆ ಸಂಶಯ ತೀರುತ್ತದೆ.

ಇಷ್ಟೆಲ್ಲ ಕಿವಿಗೊಟ್ಟು ಕೂರುವುದೇಕೆ, ಡಿಸ್ಕಿನ ಆರೋಗ್ಯ ಹೇಳಲು ಸಾಫ್ಟ್‌ವೇರ್ ಇದೆಯಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಡಿಸ್ಕ್ ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ದಾಖಲೆಗಳನ್ನು ಯಾರು ಬೇಕಾದರೂ ಓದಬಹುದು. ಗೂಗಲ್ ಸಂಸ್ಥೆ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಈ ದಾಖಲೆಗಳ ಬಲವನ್ನೂ ಮಿತಿಯನ್ನೂ ಒಟ್ಟಿಗೇ ತೋರಿಸಿತು. ತನ್ನನ್ನು ತಾನೇ ತಪಾಸಿಸಿಕೊಳ್ಳುವಾಗ ಮೊದಲ ಸ್ಕ್ಯಾನ್ ದೋಷ ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ, ದೋಷ ಕಾಣದ್ದಕ್ಕಿಂತ 39 ಪಟ್ಟು. ಆದರೆ ಕೆಟ್ಟುಹೋದ ಡಿಸ್ಕುಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಪ್ರಮುಖವಾದ ನಾಲ್ಕು ಸೂಚಕಗಳಲ್ಲಿ ಒಂದರಲ್ಲೂ ಯಾವ ಗುರುತನ್ನೂ ಬಿಟ್ಟಿರಲಿಲ್ಲ. ದಾಖಲೆ ಕೆಟ್ಟದ್ದಿದೆ ಎಂದರೆ ನಂಬಬಹುದು, ಎಲ್ಲ ಸರಿಯಿದೆ ಎಂದಾಗ ಅಷ್ಟಾಗಿ ನಂಬಲಾಗದು. ಓದುಮುಳ್ಳು ಜಾಗ ಸಿಗದೆ ಹಿಂದೆ ಹೋಗಿ ಮತ್ತೆ ಬರುವ ಟಕ್... ಟಕ್... ಕೇಳಿ, ಅದೇ ಹೊತ್ತಿಗೆ ಕಡತ ತೆರೆಯುವುದು ತಡವಾದರೆ ಸಾಫ್ಟ್‌ವೇರಿನ ಹಸಿರು ಗುರುತನ್ನು ಬದಿಗಿಡಬೇಕು. ಎಸ್‌ಎಸ್‌ಡಿ ಬಂದ ಮೇಲೆ ಈ ಮಾತು ಹಳತಾಯಿತಲ್ಲ ಎನ್ನುವವರಿಗೆ ಉತ್ತರ ಸುಲಭ: ಎಸ್‌ಎಸ್‌ಡಿಯಲ್ಲಿ ತಿರುಗುವುದೇನೂ ಇಲ್ಲ, ಹಾಗಾಗಿ ಅಂಥ ಕಂಪ್ಯೂಟರಿನಲ್ಲಿ ಶಂಕಿತರ ಪಟ್ಟಿ ಇನ್ನಷ್ಟು ಚಿಕ್ಕದು, ಹುಡುಕಾಟ ಇನ್ನಷ್ಟು ಸಲೀಸು.

ಇನ್ನೊಂದು ಆಕ್ಷೇಪ ಮುಂಬೈಯವರದ್ದೇ: ಗ್ರಾಂಟ್ ರೋಡಿನಲ್ಲಿ ಇಳಿದರೆ ಲ್ಯಾಮಿಂಗ್ಟನ್ ರೋಡ್, ಅಲ್ಲಿನ ಕಂಪ್ಯೂಟರ್ ಅಂಗಡಿಗೆ ರಿಪೇರಿಗೆ ಕೊಟ್ಟರೆ ಮುಗಿಯಿತು. ಕೊಡಬಹುದು. ಆದರೆ ಆ ರಸ್ತೆಯ ಗದ್ದಲದಲ್ಲಿ 35 ಡೆಸಿಬೆಲ್ಲಿನ ಕೀಚಲು ಯಾರಿಗೂ ಕೇಳಿಸದು. ಮನೆಯ ಯುಪಿಎಸ್, ಮನೆಯ ಮೇಜು, ಮನೆಯಲ್ಲಿ ಮಾಡುತ್ತಿದ್ದ ಕೆಲಸ ಯಾವುದೂ ಅಂಗಡಿಯಲ್ಲಿಲ್ಲ. ದಾರಿಯ ಕುಲುಕಾಟದಲ್ಲಿ ಫ್ಯಾನಿಗೆ ತಗಲುತ್ತಿದ್ದ ವೈರು ಸರಿದಿರಲೂಬಹುದು. ಸದ್ದು ಇಲ್ಲವಲ್ಲ ಎಂದು ಅಂಗಡಿಯವರು ಹೇಳಿದರೆ ಅವರು ಸುಳ್ಳು ಹೇಳುತ್ತಿಲ್ಲ. ಆದ್ದರಿಂದ ಪೆಟ್ಟಿಗೆ ಎತ್ತುವ ಮುಂಚೆ ಮೊಬೈಲಿನಲ್ಲಿ ಮೂರು ತುಣುಕು ಹಿಡಿದಿಟ್ಟುಕೊಂಡರೆ ಸಾಕು: ಕಂಪ್ಯೂಟರ್ ಸುಮ್ಮನಿದ್ದಾಗಿನದು, ಭಾರಿ ಕೆಲಸ ಮಾಡುವಾಗಿನದು, ಆರಿಸಿದ ಮೇಲಿನ ಹತ್ತು ಸೆಕೆಂಡಿನದು. ಫ್ಯಾನೋ ರ‍್ಯಾಮೋ ಆದರೆ ಇಷ್ಟರಿಂದ ಅಲ್ಲಿನ ಕೆಲಸ ಅರ್ಧ ಗಂಟೆಯದು. ಡಿಸ್ಕಿನ ಟಕ್ ಟಕ್ ಮಾತ್ರ ಈ ಸಾಲಿಗೆ ಸೇರದು. ಅದಕ್ಕೆ ರೆಕಾರ್ಡಿಂಗೂ ಬೇಡ, ಮತ್ತೆ ಮತ್ತೆ ಆನ್ ಮಾಡಿ ಕೇಳಿ ನೋಡುವುದೂ ಬೇಡ. ಓದಲು ಇನ್ನೂ ಆಗುತ್ತಿದ್ದರೆ ಬೇಕಾದ ಕಡತಗಳನ್ನು ಮೊದಲು ನಕಲು ಮಾಡಿ, ಆಗದಿದ್ದರೆ ವೈರು ಕಿತ್ತು, ಡಿಸ್ಕನ್ನು ದತ್ತಾಂಶ ಮರಳಿ ತೆಗೆಯುವವರ ಕೈಗೆ ಹಾಗೇ ಕೊಡಬೇಕು.