ನಿಮ್ಮ ಆಫೀಸ್ ಇಮೇಲ್‌ನ ಇನ್ನೊಂದು ಕೀಲಿ ಯಾರ ಹತ್ತಿರ ಇದೆ?

ಖಾಸಗಿತನ ಅಂದ ಕೂಡಲೇ ನಮಗೆ ನೆನಪಾಗೋದು ಪೆಗಾಸಸ್, ಆಧಾರ್. ದಿನವಿಡೀ ತೆರೆದಿಟ್ಟುಕೊಂಡು ಕೂರುವ ಆಫೀಸ್ ಇಮೇಲ್ ಅನ್ನು ಬೇರೆ ಯಾರ್ಯಾರು ಓದಬಹುದು ಅಂತ ಕೇಳುವವರು ಕಡಿಮೆ. ಯೂನಿಯನ್ ಕಟ್ಟುವ ಮಾತಾಗಲಿ, ಮೇಲಧಿಕಾರಿಯ ಮೇಲಿನ ಲೈಂಗಿಕ ಕಿರುಕುಳದ ದೂರಾಗಲಿ, ಹೋಗುವುದು ಅದೇ ಮೇಲ್‌ಬಾಕ್ಸ್‌ನಿಂದ.

ಕಂಪನಿಯೇ ನಡೆಸುವ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಸರ್ವರ್ ಉದಾಹರಣೆಗೆ ತಗೊಳ್ಳಿ. ಅಲ್ಲಿ ಅನುಮತಿ ಎರಡು ದಾರಿಯಲ್ಲಿ ಬರುತ್ತೆ. ಒಂದು, ನಿಮ್ಮ ಮೇಲ್‌ಬಾಕ್ಸ್‌ಗೇ ನೇರವಾಗಿ ಕೊಟ್ಟದ್ದು. ಇನ್ನೊಂದು ವಾರಸಿನಿಂದ ಬಂದದ್ದು: ಸಂಸ್ಥೆಯ ಮಟ್ಟದಲ್ಲೋ ಡೇಟಾಬೇಸ್ ಮಟ್ಟದಲ್ಲೋ ಯಾರಿಗೋ 'ರಿಸೀವ್ ಆ್ಯಸ್' ಹಕ್ಕು ಕೊಟ್ಟರೆ, ಅದರ ಕೆಳಗಿನ ಎಲ್ಲ ಮೇಲ್‌ಬಾಕ್ಸ್‌ಗಳೂ ಆ ಖಾತೆಗೆ ತೆರೆದುಕೊಳ್ಳುತ್ತವೆ. ಬಹಳಷ್ಟು ಸಲ ಇದರ ಹಿಂದೆ ದುರುದ್ದೇಶ ಇರಲ್ಲ. ಹಿಂದೆ ಬ್ಲ್ಯಾಕ್‌ಬೆರಿ ಸರ್ವರ್‌ನ ಸೇವಾ ಖಾತೆಗೆ ಇಂಥ ಹಕ್ಕು ಬೇಕಿತ್ತು. ಫೋನುಗಳು ಗುಜರಿಗೆ ಹೋದವು, ಹಕ್ಕು ಮಾತ್ರ ಎಷ್ಟೋ ಕಡೆ ಹಾಗೇ ಉಳಿಯಿತು.

ಪತ್ತೆ ಹಚ್ಚೋದು ಸುಲಭ. 'ಗೆಟ್-ಮೇಲ್‌ಬಾಕ್ಸ್‌ಪರ್ಮಿಷನ್' ಆದೇಶ ಕೊಟ್ಟು 'ಈಸ್‌ಇನ್‌ಹೆರಿಟೆಡ್' ಅನ್ನುವ ಕಾಲಂ ನೋಡಬೇಕು. ಅಲ್ಲಿ 'ಟ್ರೂ' ಇದ್ದರೆ ಆ ಅನುಮತಿ ಮೇಲಿಂದ ಇಳಿದದ್ದು. ಅನೇಕ ಅಡ್ಮಿನ್‌ಗಳು ಎಡವೋದು ಇದಾದ ಮೇಲೆ. ಮೇಲ್‌ಬಾಕ್ಸ್‌ನಲ್ಲೇ ಅದನ್ನು ತೆಗೆಯಲು ಹೋದರೆ ಆಗಲ್ಲ; ಬೇರು ಇರೋದು ಮೇಲೆ. 'ಗೆಟ್-ಎಡಿಪರ್ಮಿಷನ್' ಬಳಸಿ ಡೇಟಾಬೇಸ್ ನೋಡಿ, ಅಲ್ಲೂ ವಾರಸು ಅಂತಲೇ ತೋರಿಸಿದರೆ ಇನ್ನೂ ಮೇಲಕ್ಕೆ ಹತ್ತಿ, ನೇರವಾಗಿ ಕೊಟ್ಟ ಜಾಗದಲ್ಲೇ ಕಿತ್ತುಹಾಕಬೇಕು.

ಡೊಮೇನ್ ಅಡ್ಮಿನ್‌ಗಳಿಗೆ ಪೂರ್ವನಿಯೋಜಿತವಾಗಿ ನಿಷೇಧ ಇದೆಯಲ್ಲ, ಮತ್ತೇನು ಭಯ ಅನ್ನಬಹುದು. ಇದೆ, ಆದರೆ ಅದೂ ವಾರಸಿನದ್ದೇ. ವಿಂಡೋಸ್ ಲೆಕ್ಕದಲ್ಲಿ ಕ್ರಮ ಹೀಗಿದೆ: ಮೊದಲು ನೇರ ನಿಷೇಧ, ಆಮೇಲೆ ನೇರ ಅನುಮತಿ, ನಂತರವಷ್ಟೇ ವಾರಸಿನ ನಿಷೇಧ. ಅಂದರೆ ಅಡ್ಮಿನ್ ತನಗೆ ತಾನೇ ನೇರವಾಗಿ 'ಫುಲ್ ಆ್ಯಕ್ಸೆಸ್' ಕೊಟ್ಟುಕೊಂಡರೆ ಆ ನಿಷೇಧ ಲೆಕ್ಕಕ್ಕೇ ಬರಲ್ಲ. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಅಲ್ಲೇ ತೂಗುಹಾಕಿದ ಹಾಗೆ.

ಹಾಗಾಗಿ ನನ್ನ ಪ್ರಕಾರ ಅನುಮತಿಯ ಪಟ್ಟಿಗಿಂತ ದಾಖಲೆ ಮುಖ್ಯ. ಯಾರು ಯಾವಾಗ ಮೇಲ್‌ಬಾಕ್ಸ್ ತೆರೆದರು ಅನ್ನುವ ಆಡಿಟ್, ಕಂಪನಿಯ ಸ್ವಂತ ಸರ್ವರ್‌ನಲ್ಲಿ ತಾನಾಗಿ ಚಾಲೂ ಇರಲ್ಲ; ಯಾರಾದರೂ ಆನ್ ಮಾಡಲೇಬೇಕು. ಕಾನೂನಿನ ಆಸರೆಯೂ ತೆಳು: 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೇ ಸೆಕ್ಷನ್, ಉದ್ಯೋಗದ ಉದ್ದೇಶಕ್ಕೆ ನೌಕರರ ದತ್ತಾಂಶವನ್ನು ಒಪ್ಪಿಗೆ ಇಲ್ಲದೆಯೂ ಬಳಸಲು ಬಿಡುತ್ತೆ.

ನಿಮ್ಮ ಐಟಿ ವಿಭಾಗಕ್ಕೆ ಎರಡೇ ಪ್ರಶ್ನೆ ಕೇಳಿ: ನನ್ನ ಮೇಲ್‌ಬಾಕ್ಸ್ ಮೇಲೆ ವಾರಸಿನ ಅನುಮತಿ ಯಾರಿಗಿದೆ, ಆಡಿಟ್ ಆನ್ ಇದೆಯಾ? 'ತೆಗೆದಾಯ್ತು' ಅಂದರೆ ತಕ್ಷಣ ನಂಬಬೇಡಿ. ಸರ್ವರ್ ಹಳೆಯ ಅನುಮತಿಯನ್ನು ಸುಮಾರು 2 ಗಂಟೆವರೆಗೂ ನೆನಪಲ್ಲಿ ಇಟ್ಟುಕೊಂಡಿರುತ್ತೆ. ಅದು ಕಳೆದ ಮೇಲೆ ಇನ್ನೊಮ್ಮೆ ಪಟ್ಟಿ ತೆಗೆಸಿ ನೋಡಿ.